ಫರಸಿ ಕಲ್ಲಿನ ಸಾಲಿಗೆ ಕಂಪ್ಯೂಟರ್ ಬಂದ ಕಥೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ... ಬೆಂಗಳೂರಿನಲ್ಲಿ ಈ ಹೆಸರು ಹೇಳಿದರೆ ಬಹಳ ಜನಕ್ಕೆ ನೆನಪಾಗೋದು ಸಿಮೆಂಟು, ಫರಸಿ ಕಲ್ಲು, ಇಲ್ಲವೇ ವಾಡಿ ಜಂಕ್ಷನ್. ನಾನೂ ಆ ಕಡೆಯವನೇ. ಇಂಜಿನಿಯರಿಂಗ್ ಓದಿ ಈಗ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಅದಕ್ಕೇ ಊರಿಗೆ ಹೋದಾಗೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: "ಸಣ್ಣ ಹುಡುಗರ ಸಾಲ್ಯಾಗ ಕಂಪ್ಯೂಟರ್ ಇಟ್ರ ಛಲೋ ಏನ್ರೀ?" ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ.

1948ರವರೆಗೆ ಈ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಡಳಿತಕ್ಕೂ ಮೇಲಿನ ಓದಿಗೂ ಉರ್ದುವೇ ಭಾಷೆ. 1956ರಲ್ಲಿ ಕನ್ನಡ ನಾಡಿಗೆ ಸೇರಿದ ಮೇಲೂ ಹಿಂದುಳಿಯುವುದು ತಪ್ಪಲಿಲ್ಲ. 2002ರ ನಂಜುಂಡಪ್ಪ ವರದಿ ಸೇಡಂ, ಚಿತ್ತಾಪುರ, ಚಿಂಚೋಳಿಗಳನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೇ ಸೇರಿಸಿತು.

ದೇಶದ ಶಾಲೆಗಳಿಗೆ ಕಂಪ್ಯೂಟರ್ ಬರತೊಡಗಿದ್ದು 1984ರ 'ಕ್ಲಾಸ್' ಯೋಜನೆಯಿಂದ. ಆಗ ಬಂದದ್ದು ಬಿಬಿಸಿ ಮೈಕ್ರೋ ಯಂತ್ರಗಳು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ 2001ರ ಹೊತ್ತಿಗೆ 'ಮಾಹಿತಿ ಸಿಂಧು' ಬಂತು. ಸರಿಸುಮಾರು ಅದೇ ಕಾಲಕ್ಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಪ್ರಾಥಮಿಕ ಶಾಲೆಗಳಲ್ಲಿ ಆಟದಂಥ ಪಾಠದ ಸಿ.ಡಿ.ಗಳನ್ನು ಶುರು ಮಾಡಿತು.

ಲಾಭ ಆಗಲಿಲ್ಲವೇ? ಆಯಿತು. ಆದರೆ ಹೇಗೆ ಅಂತ ನೋಡಲು ಗುಜರಾತಿನ ವಡೋದರಾಕ್ಕೆ ಹೋಗಬೇಕು. ಅಲ್ಲಿ 2000ದಲ್ಲಿ ಸರ್ಕಾರ ಹೆಚ್ಚಿನ ನಗರಸಭೆ ಶಾಲೆಗಳಿಗೆ ತಲಾ 4 ಕಂಪ್ಯೂಟರ್ ಕೊಟ್ಟಿತ್ತು. ಎರಡು ವರ್ಷ ಕಳೆದರೂ ಬಹುತೇಕ ಹಾಗೇ ಬಿದ್ದಿದ್ದವು! 'ಪ್ರಥಮ್' ಸಂಸ್ಥೆ ಸ್ಥಳೀಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಕೂರಿಸಿತು. 4ನೇ ತರಗತಿಯವರಿಗೆ ವಾರಕ್ಕೆ 2 ಗಂಟೆ ಗಣಿತದ ಆಟ, ಒಂದು ಯಂತ್ರಕ್ಕೆ ಇಬ್ಬರು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಅಳೆದು ನೋಡಿ 2007ರಲ್ಲಿ ಪ್ರಕಟಿಸಿದರು: ಗಣಿತದ ಅಂಕ ಚೆನ್ನಾಗಿಯೇ ಏರಿತು. ಭಾಷೆಯಲ್ಲಿ ಏನೂ ಬದಲಾಗಲಿಲ್ಲ. ಆಟ ನಿಂತು ಒಂದು ವರ್ಷವಾಗುವಷ್ಟರಲ್ಲಿ ಗಣಿತದ ಲಾಭವೂ ಬಹುಪಾಲು ಕರಗಿತ್ತು.

ಪೆರು ದೇಶದಲ್ಲಿ ಮಕ್ಕಳ ಕೈಗೇ ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳನ್ನು ನೋಡಿದ 2012ರ ಅಧ್ಯಯನದ ಪ್ರಕಾರ ಲೆಕ್ಕವೂ ಸುಧಾರಿಸಲಿಲ್ಲ, ಓದೂ ಸುಧಾರಿಸಲಿಲ್ಲ.

ನಮ್ಮಲ್ಲಿ? ನಾನು ಕಲಿತ ಸಾಲ್ಯಾಗ ಕಂಪ್ಯೂಟರ್‌ಗೆ ಬಟ್ಟೆ ಹೊದಿಸಿ, ಕೋಣೆಗೆ ಕೀಲಿ ಹಾಕಿರುತ್ತಿದ್ದರು. ಕೆಟ್ಟರೆ ಜವಾಬು ಕೊಡುವವರು ಯಾರು ಅನ್ನೋ ಅಂಜಿಕೆ. ತರಬೇತಿ ಇಲ್ಲ, ಬ್ಯಾಸಿಗ್ಯಾಗ ಕರೆಂಟೂ ಇಲ್ಲ. ತೆರೆದ ದಿನ ಪರದೆಯ ಮೇಲೆ ಕಂಡದ್ದು ಬರೀ ಇಂಗ್ಲಿಷ್. 1998ರಲ್ಲೇ 'ಬರಹ' ತಂತ್ರಾಂಶ ಬಂದಿತ್ತು, ಆಮೇಲೆ 'ನುಡಿ' ಕೂಡ ಬಂತು. ನಮ್ಮ ಕೋಣೆಯೊಳಗೆ ಮಾತ್ರ ಎರಡೂ ಕಾಲಿಡಲಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡಿ ಬಂದು ಆಗತಾನೇ ಕನ್ನಡ ಕೂಡಿಸಿ ಓದುವ ಮಗುವಿಗೆ ಆ ಪೆಟ್ಟಿಗೆ ಏನು ಹೇಳಬೇಕು, ನೀವೇ ಹೇಳಿ. ಅಜ್ಜನ ಕಾಲದಲ್ಲಿ ದೊಡ್ಡ ಓದು ಉರ್ದುವಿನಲ್ಲಿತ್ತು, ಮೊಮ್ಮಗನ ಕಾಲಕ್ಕೆ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಬಂತು. ಬಾಗಿಲು ಹೊಸದು, ಕೀಲಿ ಹಳೇದೇ.

ಶಾಲೆಗಳಿಗೆ ಸಿ.ಡಿ. ಕೊಟ್ಟ ಫೌಂಡೇಶನ್ನಿನ ಮುಖ್ಯಸ್ಥರಲ್ಲಿ ಒಬ್ಬರಾದ ಅನುರಾಗ್ ಬೆಹರ್ ಅವರೇ 2010ರಲ್ಲಿ ಪತ್ರಿಕೆಯೊಂದರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನದ ಮಿತಿಗಳ ಬಗ್ಗೆ ಬರೆದರು. ಇದನ್ನು ನಾನು ದೊಡ್ಡ ಮಾತು ಅಂತಲೇ ತಿಳಿಯುತ್ತೇನೆ.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಇದೇ ಪರೀಕ್ಷೆ ಮತ್ತೆ ನಡೆಯಿತು. ಆನ್‌ಲೈನ್ ಪಾಠ ಎಲ್ಲರ ಮನೆಗೂ ಮುಟ್ಟಲಿಲ್ಲ. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಗಿ ಮಾಸ್ತರರೇ ಮಕ್ಕಳಿದ್ದಲ್ಲಿಗೆ ನಡೆದು ಹೋದರು.

ಹಾಗಂತ ಕಂಪ್ಯೂಟರ್ ಬೇಡ ಅನ್ನಲಾರೆ. ಅದರಿಂದಲೇ ನಾನು ಅನ್ನ ತಿನ್ನುತ್ತಿರೋದು! ಬೆಂಗಳೂರಿನ ಮಕ್ಕಳಿಗೆ ಅದು ಮನೆಯಲ್ಲೇ ಸಿಗುತ್ತೆ, ಚಿಂಚೋಳಿ ತಾಂಡಾದ ಮಗುವಿಗೆ ಶಾಲೆಯಲ್ಲಿ ಸಿಗದಿದ್ದರೆ ಇನ್ನೆಲ್ಲಿ? ನಾನು ಕೇಳೋದು ಸರದಿ ಮಾತ್ರ. ಮೊದಲು ಮಾಸ್ತರು, ಆಮೇಲೆ ಕರೆಂಟು, ಆಮೇಲೆ ಕನ್ನಡದ ಪಾಠ, ಕೊನೆಗೆ ಪೆಟ್ಟಿಗೆ. ಇಷ್ಟು ವರ್ಷ ನಾವು ಪೆಟ್ಟಿಗೆಯನ್ನೇ ಮೊದಲು ಇಳಿಸಿದ್ದೇವೆ.