ಪುಟ್ಟ ಮಕ್ಕಳಿಗೆ ದಿನಕ್ಕೆ 3 ಗಂಟೆ ‘ವ್ಯಾಯಾಮ’ ಬೇಕೇ? ಒಂದೇ ಕೋಣೆಯ ಮನೆಯಲ್ಲೂ ಆಗುವ ಆಟಗಳು

‘3 ವರ್ಷದ ಮಗುವಿಗೆ ದಿನಕ್ಕೆ 3 ಗಂಟೆ ವ್ಯಾಯಾಮ ಕಡ್ಡಾಯ’ ಎನ್ನುವ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅಂಕಿ ಸರಿ, ಪದ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2019ರ ಏಪ್ರಿಲ್‌ನಲ್ಲಿ 5 ವರ್ಷದೊಳಗಿನ ಮಕ್ಕಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ 180 ನಿಮಿಷ ಎಂದಿರುವುದು ನಿಜ. ಆದರೆ ಅದು ಕೇಳುವುದು ಕಸರತ್ತನ್ನಲ್ಲ, ಮೈ ಅಲುಗಾಡುವ ಯಾವುದೇ ಚಟುವಟಿಕೆಯನ್ನು. ಅದೂ ಒಂದೇ ಸಲಕ್ಕಲ್ಲ. ಬೆಳಗಿನಿಂದ ರಾತ್ರಿಯವರೆಗೆ ಚೂರುಚೂರಾಗಿ ಸೇರಿದರೆ ಸಾಕು. 1ರಿಂದ 4 ವರ್ಷದವರಿಗೆ ಈ ಲೆಕ್ಕ. 3 ತುಂಬಿದ ಮೇಲೆ ಅದರಲ್ಲಿ 60 ನಿಮಿಷವಾದರೂ ಉಸಿರು ಜೋರಾಗುವಂಥ ಆಟ ಇರಬೇಕು. ಇನ್ನೂ ಓಡಾಡದ ಕೂಸನ್ನು, ಎಚ್ಚರವಿದ್ದಾಗ, ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ ಆಡಿಸಬೇಕು.

ಕೆಜಿಎಫ್, ಬಂಗಾರಪೇಟೆ ಕಡೆಯ ಮನೆಗಳಲ್ಲಿ ಇದು ಆಗುವ ಮಾತೇ? 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಜನರ ದುಡಿಮೆ ಬೆಂಗಳೂರಿನ ರೈಲನ್ನೇ ನಂಬಿಕೊಂಡಿದೆ. ಮಾರಿಕುಪ್ಪಂನಲ್ಲಿ ಬೆಳಗಿನ ಗಾಡಿ ಹತ್ತಿದ ಅಪ್ಪ, ಅಮ್ಮ ಮನೆ ಸೇರುವಾಗ ಕತ್ತಲಾಗಿರುತ್ತದೆ. ಮಗು ಅಜ್ಜಿಯ ಬಳಿ, ಅಜ್ಜಿಗೆ ಮಂಡಿನೋವು. ಮಗುವಿನ ಕೈಗೆ ಮೊಬೈಲ್ ಹೋಗುವುದು ಹೀಗೆ. ಇದಕ್ಕೆ ಅಜ್ಜಿಯನ್ನು ದೂರಿ ಪ್ರಯೋಜನವಿಲ್ಲ. 2 ವರ್ಷದೊಳಗೆ ಸ್ಕ್ರೀನ್ ಬೇಡ, 2ರಿಂದ 4ರವರೆಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಅಜ್ಜಿ ಕೂತಲ್ಲೇ ಆಡಿಸಬಹುದಾದ ಆಟ ಬೇಕು.

ನಮ್ಮ ಮೊದಲ ಆಯ್ಕೆ ಕೆರೆ–ದಡ. ನೆಲಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಈಚೆ ದಡ, ಆಚೆ ಕೆರೆ. ಅಜ್ಜಿ ಹೊಸ್ತಿಲ ಬಳಿ ಕೂತು ‘ಕೆರೆ’, ‘ದಡ’ ಎಂದು ಕೂಗುತ್ತಾರೆ, ಮಗು ಎರಡೂ ಕಾಲು ಜೋಡಿಸಿ ಆಚೆ ಈಚೆ ಹಾರುತ್ತದೆ. ‘ಕೆರೆ, ಕೆರೆ, ದಡ, ದಡ’ ಎಂದು ಏಮಾರಿಸಿದಷ್ಟೂ ನಗು ಹೆಚ್ಚು. ಹಾರಿ ಇಳಿದಾಗಲೆಲ್ಲ ಕಾಲಿನ ಮೂಳೆಗೆ ಬೀಳುವ ಭಾರ ಮೂಳೆಯನ್ನು ಗಟ್ಟಿ ಮಾಡುತ್ತದೆ; ಕಿವಿಗೆ ಬಿದ್ದದ್ದನ್ನು ಕಾಲಿಗೆ ಮುಟ್ಟಿಸುವ ಅಭ್ಯಾಸವೂ ಆಗುತ್ತದೆ. 2 ನಿಮಿಷಕ್ಕೆ ಸುಸ್ತಾಗಿ ಕೂತರೆ ಬಿಡಿ. ಪುಟ್ಟ ಮಕ್ಕಳು ಬೇಗ ದಣಿದು ಬೇಗ ಚೇತರಿಸಿಕೊಳ್ಳುತ್ತಾರೆ. ಅವರ ಓಟವೆಲ್ಲ ತುಂಡುತುಂಡೇ.

ಕುಂಟೆಬಿಲ್ಲೆಯೂ ಒಳ್ಳೆಯದು, ತಮಿಳು ಮಾತಾಡುವ ಮನೆಗಳಲ್ಲಿ ಇದೇ ಪಾಂಡಿ. ಒಂಟಿ ಕಾಲಲ್ಲಿ ಕುಂಟಲು ಸಾಮಾನ್ಯವಾಗಿ 4 ವರ್ಷದ ಹೊತ್ತಿಗೆ ಬರುತ್ತದೆ, ಅಲ್ಲಿಯವರೆಗೆ ಜೋಡಿಗಾಲು ನಡೆಯಲಿ. ಮಳೆ ಬಂದರೆ ಕಪ್ಪೆ, ಆನೆ, ಏಡಿಯ ನಡಿಗೆ. ಈರುಳ್ಳಿಯನ್ನು ಮೂಲೆಯಿಂದ ಬುಟ್ಟಿಗೆ ಸಾಗಿಸುವುದೂ ಆಟವೇ. ಒಂದು ಸಲಕ್ಕೆ ಒಂದೇ ಈರುಳ್ಳಿ ಎಂಬ ನಿಯಮ ಮರೆಯಬೇಡಿ, ಓಡಾಟ ಇರುವುದೇ ಅದರಲ್ಲಿ. ಗಣಿ ಕಾರ್ಮಿಕರ ಲೈನ್ ಮನೆಗಳ ನಡುವಿನ ಓಣಿ ಸಂಜೆ ಐಸ್‌ಪೈಸ್‌ಗೆ ಸಾಕು, ಬೈಕುಗಳ ಮೇಲೆ ಕಣ್ಣಿಡಲು ದೊಡ್ಡವರೊಬ್ಬರಿದ್ದರೆ.

ಒಂದು ಜಾಗ ಮಾತ್ರ ಬೇಡ: ಸೈನೈಡ್ ದಿಬ್ಬ. ಸಿನಿಮಾದಲ್ಲಿ ಚೆಂದ ಕಾಣುವ ಈ ದಿಬ್ಬಗಳು ಮಕ್ಕಳಿಗೆ ಜಾರುಬಂಡಿಯಂತೆಯೇ ತೋರುತ್ತವೆ. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಹುಡಿ ಅದು. ಹೆಸರು ಕೇಳಿ ಜನ ಸೈನೈಡಿಗೆ ಹೆದರುತ್ತಾರೆ, ಆದರೆ ಅದರಲ್ಲಿರುವ ಸಿಲಿಕಾದ ನಯ ಧೂಳನ್ನು ಮರೆಯುತ್ತಾರೆ. ಅದು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಓಡುವಾಗ ಇನ್ನೂ ಹೆಚ್ಚು. ಗಾಳಿ ಜೋರಾಗಿ ಧೂಳೇಳುವ ದಿನ ಆಟ ಮನೆಯೊಳಗೇ ಇರಲಿ.

‘ಊಟವಾದ ಕೂಡಲೇ ಓಡಿದರೆ ಅಪೆಂಡಿಸೈಟಿಸ್ ಬರುತ್ತದೆ’ ಎಂಬ ಮಾತಿಗೆ ಆಧಾರವಿಲ್ಲ. ಅಪೆಂಡಿಕ್ಸಿನ ಬಾಯಿ ಗಟ್ಟಿ ಮಲದಿಂದಲೋ ಊತದಿಂದಲೋ ಮುಚ್ಚಿದಾಗ ಸಾಮಾನ್ಯವಾಗಿ ಆ ಉರಿಯೂತ ಶುರುವಾಗುತ್ತದೆ. ಹೊಟ್ಟೆ ತುಂಬ ಉಂಡು ಕುಣಿದರೆ ವಾಂತಿಯೋ ಹೊಟ್ಟೆ ಹಿಡಿದುಕೊಳ್ಳುವುದೋ ಆಗಬಹುದು, ಅದಕ್ಕಾಗಿ ಸ್ವಲ್ಪ ಹೊತ್ತು ಕಾಯಿರಿ.

ಚಕ್ರದ ವಾಕರಿನಲ್ಲಿ ಕೂರಿಸಿದರೆ ಮಗು ಬೇಗ ನಡೆಯುತ್ತದೆ ಎಂಬುದೂ ಸುಳ್ಳು. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವ ಅಪಾಯದಿಂದಾಗಿ ಕೆನಡಾ 2004ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು. ಆ ದುಡ್ಡಿಗೆ ಒಂದು ಚಾಪೆ, ಒಂದು ಚೆಂಡು ಬರುತ್ತದೆ.

ಇನ್ನು, ಸ್ವಲ್ಪ ಆಡಿದರೂ ಮಗುವಿನ ಉಸಿರಿನಲ್ಲಿ ಸುಯ್ ಸುಯ್ ಸದ್ದು ಬಂದರೆ, ಓರಗೆಯ ಮಕ್ಕಳಿಗಿಂತ ತೀರ ಬೇಗ ಕುಸಿದು ಕೂತರೆ ‘ಸೋಮಾರಿ’ ಎನ್ನಬೇಡಿ, ವೈದ್ಯರಿಗೆ ತೋರಿಸಿ. ತುಟಿ ನೀಲಿಗಟ್ಟಿದರೆ ಆಗಿಂದಾಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.