ಆಂಗ್ಲಪಾಠದಲ್ಲಿ ಉಪಾಧ್ಯಾಯರ ಮಾತೂ ಮೌನವೂ

ವಿದ್ಯೆಯ ಕಾಲುಭಾಗವನ್ನು ಮಾತ್ರ ಗುರುವಿನಿಂದ ಪಡೆಯಬಹುದೆಂದೂ, ಮತ್ತೊಂದು ಕಾಲನ್ನು ಸ್ವಬುದ್ಧಿಯಿಂದಲೂ, ಇನ್ನೊಂದನ್ನು ಸಹಪಾಠಿಗಳಿಂದಲೂ, ಉಳಿದುದನ್ನು ಕಾಲಕ್ರಮದಿಂದಲೂ ಪಡೆಯಬೇಕೆಂದೂ ಪೂರ್ವಿಕರು ಹೇಳಿರುವರು. ವೇದಾಧ್ಯಯನದ ಸಂಥೆಯಲ್ಲಿಯೂ ಗುರುವು ಒಮ್ಮೆ ಹೇಳಿದುದನ್ನು ಶಿಷ್ಯರು ಎರಡಾವರ್ತಿ ಹೇಳುವ ಸಂಪ್ರದಾಯವುಂಟು. ಅಲ್ಲಿ ಬಾಯಿಯ ಕೆಲಸವು ಗುರುವಿಗಿಂತ ಶಿಷ್ಯನಿಗೇ ಹೆಚ್ಚು. ಈ ಕ್ರಮವು ನೆಲೆಗೊಂಡಿದ್ದ ದೇಶದಲ್ಲಿಯೇ ಆಂಗ್ಲಭಾಷೆಯ ಪಾಠವು ಇದಕ್ಕೆ ತೀರ ವಿಪರೀತವಾಗಿ ಬೆಳೆದುದೂ, ಆ ದೋಷವನ್ನು ಕಂಡು ತಿದ್ದಲು ಯತ್ನಿಸಿದವರಲ್ಲಿ ಮುಖ್ಯರಾದ ಇಬ್ಬರು ಈ ದೇಶದ ಪಾಠಶಾಲೆಗಳಲ್ಲಿಯೇ ತಮ್ಮ ಪರೀಕ್ಷೆಗಳನ್ನು ನಡೆಸಿದುದೂ ವಿಚಾರಯೋಗ್ಯವಾದ ಸಂಗತಿಗಳು.

1835ರಲ್ಲಿ ಬೆಂಟಿಂಕ್ ಪ್ರಭುವಿನ ಸರ್ಕಾರವು ಆಂಗ್ಲವಿದ್ಯೆಗೆ ಆಶ್ರಯವಿತ್ತಿತು. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದ ಮೇಲೆ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಪಾಠಶಾಲೆಗಳ ಪರಮಪುರುಷಾರ್ಥವಾಯಿತು. ಪರೀಕ್ಷೆಯು ಬರಹದಲ್ಲಿ ನಡೆಯುತ್ತಿದ್ದುದರಿಂದ ಹುಡುಗರು ಮಾತನಾಡಬೇಕಾದ ಪ್ರಮೇಯವೇ ಇರಲಿಲ್ಲ. ಉಪಾಧ್ಯಾಯರು ಪಠ್ಯಪುಸ್ತಕವನ್ನು ಓದಿ, ಪದಪದಕ್ಕೂ ಅರ್ಥ ಹೇಳಿ, ವ್ಯಾಕರಣವನ್ನು ವಿವರಿಸಿ, ಟಿಪ್ಪಣಿಗಳನ್ನು ಬರೆಯಿಸುವರು. ಹುಡುಗರು ಕೇಳುವರು, ಬರೆಯುವರು, ಉರು ಹೊಡೆಯುವರು. ಭಾಷೆಯ ವಿಷಯವಾಗಿ ಬಹಳ ತಿಳಿದೂ ಆ ಭಾಷೆಯನ್ನು ಬಳಸಲರಿಯದ ಪದವೀಧರರು ತಲೆತಲಾಂತರವಾಗಿ ಹೊರಬಿದ್ದುದಕ್ಕೆ ಇದೊಂದು ಪ್ರಬಲ ಕಾರಣ.

ಈ ರೋಗದ ನಿದಾನವನ್ನು ಶ್ರದ್ಧೆಯಿಂದ ಮಾಡಿದವರಲ್ಲಿ ಮೈಕೆಲ್ ವೆಸ್ಟ್ ಎಂಬವರು ಪ್ರಮುಖರು. 1888ರಲ್ಲಿ ಜನಿಸಿ, 1912ರಲ್ಲಿ ಇಂಡಿಯದ ವಿದ್ಯಾಭ್ಯಾಸದ ಸೇವೆಗೆ ಸೇರಿದ ಇವರು, ಬಂಗಾಳದ ಢಾಕಾ ನಗರದ ಉಪಾಧ್ಯಾಯರ ಟ್ರೈನಿಂಗ್ ಕಾಲೇಜಿಗೆ ಪ್ರಾಂಶುಪಾಲರಾದರು. ಬಂಗಾಳಿ ಬಾಲಕರ ಮೇಲೆ ನಡೆಸಿದ ಪರೀಕ್ಷೆಗಳ ಫಲವನ್ನು 1926ರಲ್ಲಿ ದ್ವಿಭಾಷಾವಿಷಯಕವಾದ ದೊಡ್ಡ ಗ್ರಂಥದಲ್ಲಿ ಪ್ರಕಟಿಸಿದರು. ಅದರಲ್ಲಿ ಅವರೊಂದು ಮನನೀಯವಾದ ಪ್ರಶ್ನೆಯನ್ನೆತ್ತಿರುವರು. ಜೀವವಿಮೆಯನ್ನು ನಡುವೆ ಬಿಟ್ಟವನಿಗೂ ಕಟ್ಟಿದ ಹಣಕ್ಕೆ ತಕ್ಕಷ್ಟು ಬೆಲೆ ಸಲ್ಲುವುದಷ್ಟೆ. ಹಾಗೆಯೇ ಬಡತನದಿಂದ ನಡುವೆಯೇ ಶಾಲೆ ಬಿಡುವ ಹುಡುಗನಿಗೆ ಅಷ್ಟರವರೆಗೆ ಕಲಿತ ಆಂಗ್ಲಭಾಷೆಯಿಂದ ದಕ್ಕುವ ಬೆಲೆಯೇನು? ಶಾಲೆಗೆ ಸೇರಿದವರಲ್ಲಿ ಬಹುಮಂದಿ ಕಡೆಯವರೆಗೆ ಓದದಿದ್ದ ಆ ಕಾಲದಲ್ಲಿ ಇದು ಬರಿಯ ಪಂಡಿತರ ಚರ್ಚೆಯಾಗಿರದೆ, ಅಸಂಖ್ಯಾತ ಬಡಕುಟುಂಬಗಳ ಕಷ್ಟಾರ್ಜಿತವು ಸಾರ್ಥಕವೋ ವ್ಯರ್ಥವೋ ಎಂಬ ಪ್ರಶ್ನೆಯಾಗಿದ್ದಿತು.

ವೆಸ್ಟರು ಕಂಡುಕೊಂಡ ಉತ್ತರವು ವಾಚನ. ಹುಡುಗನು ಪುಸ್ತಕವನ್ನು ತಾನೇ ಮೌನವಾಗಿ ಓದಿ ತಿಳಿಯಬಲ್ಲವನಾದರೆ, ಶಾಲೆ ಬಿಟ್ಟ ಮೇಲೆಯೂ ಆ ಶಕ್ತಿಯು ಅವನ ಕೈಬಿಡದು. ಆಗಿನ ವಾಚಕಗಳಲ್ಲಿ ಹೊಸ ಪದಗಳು ಒಂದರ ಮೇಲೊಂದು ಬೀಳುತ್ತಿದ್ದುದರಿಂದ ಉಪಾಧ್ಯಾಯರ ನಾಲಗೆಯ ನೆರವಿಲ್ಲದೆ ಓದು ಸಾಗುತ್ತಿರಲಿಲ್ಲ. ವೆಸ್ಟರು ಪದಗಳನ್ನು ಮಿತಗೊಳಿಸಿ, ಕಲಿತ ಪದಗಳನ್ನೇ ಮತ್ತೆ ಮತ್ತೆ ಬಳಸಿ, ಹೊಸ ಪದ್ಧತಿಯ ವಾಚಕಗಳನ್ನು ರಚಿಸಿದರು. ಪುಸ್ತಕವು ಸುಲಭವಾದಷ್ಟೂ ಉಪಾಧ್ಯಾಯರ ವಿವರಣೆಯು ತಾನಾಗಿಯೇ ಕುಗ್ಗಿತು. ಮಾತನ್ನು ಕಡಮೆ ಮಾಡೆಂದು ಉಪಾಧ್ಯಾಯನಿಗೆ ಬರಿಯ ಬುದ್ಧಿವಾದ ಹೇಳುವುದಕ್ಕಿಂತ, ಮಾತು ಬೇಡವಾಗುವಂತೆ ಪಾಠವನ್ನು ರಚಿಸುವುದೇ ಲೇಸೆಂಬ ತತ್ತ್ವವು ಇದರಿಂದ ಸಿದ್ಧವಾಗುವುದು.

ಮಾತಿನ ಅಭ್ಯಾಸವನ್ನೂ ಅವರು ಮರೆಯಲಿಲ್ಲ. ವಿದ್ಯಾರ್ಥಿಗಳ ಮಾತಿಗೆ ದೊರೆಯುವ ಕಾಲವೇ ಒಂದು ಸಮಸ್ಯೆಯೆಂದು 1956ರಲ್ಲಿ ಲೇಖನ ಬರೆದರು. ಕಷ್ಟಪರಿಸ್ಥಿತಿಗಳಲ್ಲಿ ಆಂಗ್ಲಬೋಧನೆಯನ್ನು ಕುರಿತ 1960ರ ಪುಸ್ತಕದಲ್ಲಿ, ನಾಲ್ವತ್ತು ಐವತ್ತು ಮಕ್ಕಳು ಬೆಂಚುಗಳ ಮೇಲೆ ಇಕ್ಕಟ್ಟಾಗಿ ಕುಳಿತ ತರಗತಿಯನ್ನೇ ಮುಂದಿಟ್ಟುಕೊಂಡು ವಿಚಾರಮಾಡಿರುವರು. ಇಲ್ಲಿಯ ಲೆಕ್ಕವು ಸುಲಭವಾದುದು. 45 ನಿಮಿಷಗಳ ಪಾಠದಲ್ಲಿ ಉಪಾಧ್ಯಾಯರು 30 ನಿಮಿಷ ಮಾತನಾಡಿದರೆ ಉಳಿಯುವುದು 15 ನಿಮಿಷ. ಅದನ್ನು 50 ಮಕ್ಕಳಿಗೆ ಸಮವಾಗಿ ಹಂಚಿದರೆ ಒಬ್ಬೊಬ್ಬರಿಗೆ ಬರುವುದು 18 ಸೆಕೆಂಡು. ಈಜನ್ನು ಕಲಿಸುವವನು ದಡದಲ್ಲಿ ನಿಂತು ಉಪನ್ಯಾಸ ಮಾಡಿ, ಶಿಷ್ಯನನ್ನು ದಿನಕ್ಕೆ 18 ಸೆಕೆಂಡು ನೀರಿಗಿಳಿಸಿದರೆ ಅವನು ಈಜು ಕಲಿತಾನೆಯೇ?

ಈ ಲೆಕ್ಕವು ಕಲ್ಪನೆಯಲ್ಲವೆಂಬುದು ಅಮೆರಿಕದಲ್ಲಿ ಫ್ಲಾಂಡರ್ಸ್ ಎಂಬವರು 1970ರಲ್ಲಿ ಪ್ರಕಟಿಸಿದ ಗ್ರಂಥದಿಂದ ವಿಶದವಾಗುವುದು. ತರಗತಿಯ ಕಾಲದಲ್ಲಿ ಮೂರರಲ್ಲೆರಡು ಪಾಲು ಮಾತೆಂದೂ, ಆ ಮಾತಿನಲ್ಲಿ ಮೂರರಲ್ಲೆರಡು ಪಾಲು ಉಪಾಧ್ಯಾಯರದೆಂದೂ ಅವರು ಕಂಡರು. ಅದೇ ದೇಶದ ಮೇರಿ ಬಡ್ ರೋ ಎಂಬ ವಿದುಷಿಯು ವಿಜ್ಞಾನಪಾಠಗಳನ್ನು ಪರಿಶೀಲಿಸಿ, ಪ್ರಶ್ನೆ ಕೇಳಿದ ಉಪಾಧ್ಯಾಯರು ಉತ್ತರಕ್ಕಾಗಿ ಸುಮಾರು ಒಂದೇ ಸೆಕೆಂಡು ಕಾಯುವರೆಂದು ತೋರಿಸಿದಳು. ಮೂರು ಸೆಕೆಂಡು ಕಾದಲ್ಲಿ ಉತ್ತರಗಳು ದೀರ್ಘವಾದುವು. ಬಾಯಿ ಬಿಡದಿದ್ದ ಮಕ್ಕಳೂ ಮಾತನಾಡಿದರು. ಪರಭಾಷೆಯಲ್ಲಿ ಮಾತು ಜೋಡಿಸಬೇಕಾದ ಬಾಲಕನಿಗೆ ಈ ಕಾಲಾವಕಾಶವು ಇನ್ನೆಷ್ಟು ಅವಶ್ಯವೆಂಬುದನ್ನು ಹೇಳಬೇಕಾದುದಿಲ್ಲ.

ಇದಕ್ಕೆ ಮುಂಚೆಯೇ, ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿದ ಕ್ಯಾಲೆಬ್ ಗಟ್ಟೆನ್ಯೋ ಎಂಬವರು 1963ರಲ್ಲಿ ಮೌನಮಾರ್ಗವೆಂಬ ಪದ್ಧತಿಯನ್ನು ಪ್ರತಿಪಾದಿಸಿದ್ದರು. ಬಣ್ಣದ ಮರದ ಕಡ್ಡಿಗಳೂ ಗೋಡೆಯ ಪಟಗಳೂ ಅವರ ಉಪಕರಣಗಳು. ಹೊಸ ಪದವನ್ನು ಉಪಾಧ್ಯಾಯನು ಒಮ್ಮೆ ನುಡಿದು ಸುಮ್ಮನಾಗುವನು. ಮುಂದಿನದೆಲ್ಲ ಶಿಷ್ಯರ ಪ್ರಯತ್ನ. ದಕ್ಷಿಣಾಮೂರ್ತಿಯ ಮೌನೋಪದೇಶವನ್ನು ಬಲ್ಲವರಿಗೆ ಇದು ಅಪೂರ್ವವೆಂದು ತೋರಲಾರದು.

ಬೆಂಗಳೂರಿನಲ್ಲಿ ನಡೆದ ಪ್ರಯೋಗವು ಇವೆಲ್ಲಕ್ಕಿಂತ ಹೆಚ್ಚು ವಿವೇಚನೆಯುಳ್ಳದ್ದು. 1963ರಲ್ಲಿ ಸ್ಥಾಪಿತವಾದ ಇಲ್ಲಿಯ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸಂಸ್ಥೆಯ ಸಹಕಾರದಿಂದ, ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣದೇಶದ ಕೆಲವು ಶಾಲೆಗಳಲ್ಲಿ ಇದನ್ನು ನಡೆಸಿದರು. ವ್ಯಾಕರಣವನ್ನು ವಿವರಿಸುವುದನ್ನೂ ವಾಕ್ಯಗಳನ್ನು ಸಾಮೂಹಿಕವಾಗಿ ಒಪ್ಪಿಸುವುದನ್ನೂ ಬಿಟ್ಟು, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದುವುಗಳನ್ನು ಮಕ್ಕಳ ಮುಂದಿಟ್ಟು ಸಮಸ್ಯೆಗಳನ್ನು ಕೊಡುತ್ತಿದ್ದರು. ಮೊದಲು ಅಂಥದೊಂದನ್ನು ಉಪಾಧ್ಯಾಯರು ಪ್ರಶ್ನೋತ್ತರಗಳಿಂದ ತರಗತಿಯೊಡನೆ ಬಿಡಿಸುವರು. ಅನಂತರ ಅದರಂತಹುದೇ ಬೇರೊಂದನ್ನು ಪ್ರತಿಯೊಬ್ಬನೂ ತಾನೇ ಬಿಡಿಸಬೇಕು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯು ತಿಳಿಯದಂತೆಯೇ ನೆಲೆಗೊಳ್ಳುವುದೆಂಬುದು ಇದರ ಮೂಲತತ್ತ್ವ. 1987ರಲ್ಲಿ ಅವರು ಇದನ್ನು ಗ್ರಂಥರೂಪಕ್ಕೆ ತಂದರು.

ಇಲ್ಲಿ ಗಮನಾರ್ಹವಾದ ಅಂಶವೊಂದುಂಟು. ಪ್ರಭು ಅವರು ಉಪಾಧ್ಯಾಯರ ಬಾಯಿಯನ್ನು ಮುಚ್ಚಿಸಲಿಲ್ಲ. ಅರೆಕಲಿತ ಮಕ್ಕಳು ಗುಂಪುಕೂಡಿ ತಮ್ಮತಮ್ಮಲ್ಲಿಯೇ ಮಾತನಾಡಿದರೆ ಒಬ್ಬರ ತಪ್ಪು ಮತ್ತೊಬ್ಬರಲ್ಲಿ ಬೇರೂರುವುದೆಂದು ಅಂಜಿ, ಗುಂಪುಕೆಲಸಕ್ಕೆ ಅವರು ಪ್ರೋತ್ಸಾಹ ಕೊಡಲಿಲ್ಲ. ಹಳ್ಳಿಯ ಬಾಲಕನಿಗೆ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಆಂಗ್ಲನುಡಿಯು ಕಿವಿಗೆ ಬೀಳದಿದ್ದಲ್ಲಿ, ಉಪಾಧ್ಯಾಯರ ಬಾಯಿಯೇ ಅವನಿಗೆ ಏಕಮಾತ್ರ ಆಕರ. ಆ ಬಾಯಿಯೂ ಮುಚ್ಚಿದರೆ ಅವನು ಕೇಳುವುದು ಯಾರಿಂದ? ಕೇಳದೆ ನುಡಿಯುವುದು ಹೇಗೆ?

ಆದಕಾರಣ ಈ ಚರಿತ್ರೆಯಿಂದ ತಿಳಿಯಬೇಕಾದುದು ಕೇವಲ ಮೌನದ ಮಹಿಮೆಯಲ್ಲ. ಭಾಷೆಯ ವಿಷಯವಾಗಿ ಆಡುವ ಮಾತು ಬೇರೆ, ಭಾಷೆಯಲ್ಲಿಯೇ ಆಡುವ ಮಾತು ಬೇರೆ. ಮೊದಲನೆಯದನ್ನು ಎಷ್ಟು ಕುಗ್ಗಿಸಿದರೂ ನಷ್ಟವು ಅಲ್ಪ; ಎರಡನೆಯದು ಶಿಷ್ಯನ ಅಳವಿಗೆ ತಕ್ಕಂತೆ ಮಿತವೂ ಹಿತವೂ ಆಗಿದ್ದು, ಅವನ ಉತ್ತರಕ್ಕೆ ಎಡೆಗೊಡಬೇಕು. ಮಳೆಯಿಲ್ಲದೆ ಬೆಳೆಯಿಲ್ಲ, ಬಿಡದೆ ಸುರಿದರೂ ಬೆಳೆಯಿಲ್ಲ. ಆಡಿದ ಮೇಲೆ ಶಿಷ್ಯನ ಬಾಯಿ ತೆರೆಯುವವರೆಗೆ ತಾಳ್ಮೆಯಿಂದ ಕಾದಿರುವ ಉಪಾಧ್ಯಾಯನೇ ತನ್ನ ಕಾಲುಭಾಗವನ್ನು ಸರಿಯಾಗಿ ಕೊಟ್ಟವನು.