ಬಟ್ಟಲಿನ ಅಂಚು

ಚೆನ್ನೈಯಲ್ಲಿ ನನ್ನ ಸೋದರಮಾವನ ಬಳಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡನ್ನು 1961ರಿಂದ ಮದ್ರಾಸಿನಲ್ಲಿ ತಯಾರಿಸತೊಡಗಿದಾಗ ಅದಕ್ಕೆ ಸಿಕ್ಕ ಹೆಸರು ಅದು. ಕಳೆದ ಮಳೆಗಾಲದಲ್ಲಿ ಈ ಕಾರು ಹಟ ಹಿಡಿಯಿತು. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿ ನಿಂತರೂ ತಾನಾಗಿ ಮುಂದಕ್ಕೆ ತೆವಳುವುದು. ರಿವರ್ಸ್ ಹಾಕಿದರೆ ಕರಕರ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಬದಲಿಸಬೇಕು ಎಂದರು ಮೆಕ್ಯಾನಿಕ್. ಖರ್ಚು ಕೇಳಿದ ಮಾವ, "ಸಾಕು ಕಣೇ, ಗುಜರಿಗೆ ಹಾಕಿಬಿಡೋಣ" ಎಂದರು. ತೀರಿಕೊಂಡ ಅತ್ತೆ ಡ್ರೈವಿಂಗ್ ಕಲಿತದ್ದು ಅದೇ ಕಾರಿನಲ್ಲಿ. ಮಾವ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊಟ್ಟೆಪಾಡಿಗೆ ಯಂತ್ರಗಳ ಕೈಪಿಡಿ ಅನುವಾದಿಸುವವಳು ನಾನು. ಹಾಗಾಗಿ ಒಂದು ವಿಷಯ ಕೊರೆಯತೊಡಗಿತು. ಪೆಡಲನ್ನು ನಿಧಾನವಾಗಿ ಒತ್ತಿದರೆ ಗೇರ್ ಬೀಳುತ್ತಿರಲಿಲ್ಲ. ಪಟಪಟನೆ ಎರಡು ಮೂರು ಸಲ ಒತ್ತಿದರೆ ಬೀಳುತ್ತಿತ್ತು. ಪ್ಲೇಟ್ ಸವೆದಿದ್ದರೆ, ಕಾಲಿನ ವೇಗ ಅದಕ್ಕೆ ಹೇಗೆ ಗೊತ್ತಾಗಬೇಕು?

ಉತ್ತರ ಇದ್ದದ್ದು ಕಾರಿಗಿಂತ ಹಳೆಯ ಕಥೆಯಲ್ಲಿ. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲೇ ಪಾಸ್ಕಲ್ ಹೇಳಿಬಿಟ್ಟಿದ್ದ. ಅದನ್ನು ಯಂತ್ರವಾಗಿಸಿ, 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದವನು ಲಂಡನ್ನಿನ ಜೋಸೆಫ್ ಬ್ರಾಮಾ. ತೊಡಕು ಒಂದೇ: ಸೋರಿಕೆ. ಪಿಸ್ಟನ್ ಸುತ್ತ ಬಿಗಿಯಾಗಿ ತುರುಕಿದರೆ ಅದು ಅಲುಗದು, ಸಡಿಲ ಬಿಟ್ಟರೆ ನೀರು ನುಗ್ಗುವುದು. ಇದಕ್ಕೆ ಪರಿಹಾರ ಕೊಟ್ಟವನೆಂದು ಹೆಸರಾದವನು ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೆ: ಬಟ್ಟಲಿನಾಕಾರದ ಚರ್ಮದ ತುಂಡು. ಒತ್ತಡ ಏರಿದಷ್ಟೂ ನೀರೇ ಆ ಬಟ್ಟಲಿನ ಅಂಚನ್ನು ಗೋಡೆಗೆ ಅದುಮಿ ಬಿಗಿ ಮಾಡುತ್ತದೆ. ಸೋರಬೇಕಾದ್ದೇ ಸೋರಿಕೆ ತಡೆಯುವ ಉಪಾಯ. ಇಷ್ಟು ಜಾಣತನದ ವಸ್ತು ಇಷ್ಟು ಅಗ್ಗವಾಗಿರುವುದು ಅಪರೂಪ.

ಸವಾರಿ ಗಾಡಿಗಳಿಗೆ ಈ ವಿದ್ಯೆಯನ್ನು ಮೊದಲು ತಂದದ್ದು ಬ್ರೇಕು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್‌ನ ಬ್ರೇಕುಗಳು 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಬಂದವು. ಆಗಲೂ ಬಟ್ಟಲು ಚರ್ಮದ್ದೇ, ಅದೂ ಸೋರುತ್ತಿತ್ತು. 1924ರ ಕ್ರೈಸ್ಲರ್ ಕಾರಿಗಾಗಿ ಅಲ್ಲಿನ ಎಂಜಿನಿಯರುಗಳು ರಬ್ಬರಿಗೆ ಹೊರಳಿದರು. ಆ ಕಾಲದ ಬ್ರೇಕ್ ದ್ರವವೆಂದರೆ ಆಲ್ಕೋಹಾಲ್ ಬೆರೆಸಿದ ಹರಳೆಣ್ಣೆ! ಖನಿಜ ತೈಲ ಸಹಜ ರಬ್ಬರನ್ನು ಉಬ್ಬಿಸುತ್ತದೆ, ಹರಳೆಣ್ಣೆ ಹಾಗೆ ಮಾಡದು. ಆಮೇಲೆ ಬಂದ ಗ್ಲೈಕಾಲ್ ದ್ರವ ಹೆಚ್ಚು ಬಿಸಿ ತಡೆಯುತ್ತದೆ, ಆದರೆ ಗಾಳಿಯ ತೇವವನ್ನು ಹೀರುತ್ತದೆ.

ಅದೇ ವ್ಯವಸ್ಥೆ ಕ್ಲಚ್ಚಿಗೂ ಬಂತು. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸಿನ ಪಕ್ಕ ಸ್ಲೇವ್ ಸಿಲಿಂಡರ್. (ಈ ಜೋಡಿ ಹೆಸರನ್ನು ಅನುವಾದಿಸುವಾಗ ಪ್ರತಿ ಸಲ ಕೈ ತಡೆಯುತ್ತದೆ. ಮೇಲಿನದು, ಕೆಳಗಿನದು ಎಂದರೂ ಕೆಲಸ ಸಾಗುತ್ತದಲ್ಲ?)

ಅಂಚು ಸವೆದ ಬಟ್ಟಲು ಜೋರು ಒತ್ತಡಕ್ಕೆ ಗೋಡೆಗೆ ಅಂಟಿಕೊಳ್ಳುತ್ತದೆ, ಮೆಲ್ಲನೆ ಒತ್ತಿದರೆ ದ್ರವವನ್ನು ಜಾರಲು ಬಿಡುತ್ತದೆ. ನಮ್ಮ ಕಾರಿನ ಲಕ್ಷಣವೂ ಇದೇ. ಡಬ್ಬಿಯಲ್ಲಿ ದ್ರವ ಇಳಿದಾಗಲೆಲ್ಲ ಯಾರೋ ತುಂಬಿಸಿ ಮುಚ್ಚಳ ಹಾಕಿದ್ದರು. ಇಳಿದದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಿರಲಿಲ್ಲ.

ಹೆರಾಲ್ಡಿನಲ್ಲಿ ಒಂದು ಸುಖವಿದೆ. ಸೀಟುಗಳ ನಡುವಿನ ಗೇರ್‌ಬಾಕ್ಸ್ ಹೊದಿಕೆಯನ್ನು ಕಾರಿನೊಳಗಿಂದಲೇ ಬಿಚ್ಚಬಹುದು. ಬೇರೊಬ್ಬ ಮೆಕ್ಯಾನಿಕ್ ಅದನ್ನು ತೆಗೆದು, ಸ್ಲೇವ್ ಸಿಲಿಂಡರಿನ ತುದಿಯ ರಬ್ಬರ್ ಬೂಟನ್ನು ಬೆರಳಿನಿಂದ ಸರಿಸಿದರು. ಒಳಗೆ ತುಂಬಿಕೊಂಡಿದ್ದ ದ್ರವ ಬಳಕ್ಕನೆ ಚೆಲ್ಲಿತು. ಅಷ್ಟು ದಿನ ನೆಲಕ್ಕೆ ತೊಟ್ಟೂ ಬಿದ್ದಿರಲಿಲ್ಲ. ಸಿಲಿಂಡರಿನ ಗೋಡೆಯಲ್ಲಿ ತುಕ್ಕು ಕೊರೆದ ಒಂದು ಗುಳಿ, ಬಟ್ಟಲಿನ ಅಂಚಿನಲ್ಲಿ ಅದಕ್ಕೆ ಸರಿಯಾಗಿ ಒಂದು ಗೀರು. ಬರೀ ಬಟ್ಟಲು ಬದಲಿಸಿದ್ದರೆ ಗುಳಿ ಅದನ್ನೂ ಕೊರೆಯುತ್ತಿತ್ತು, ಸಿಲಿಂಡರನ್ನೇ ಬದಲಿಸಬೇಕಾಯಿತು. ಮಾವ ಪೆಡಲ್ ಒತ್ತುತ್ತ ಹೋದರು, ಕೆಳಗಿನ ನಿಪ್ಪಲ್ಲಿನಿಂದ ಗುಳ್ಳೆಗಳೆಲ್ಲ ಹೊರಬಂದವು.

ಆಮೇಲೆ ಅವರು ಪೆಡಲನ್ನು ಬೇಕೆಂದೇ ಬಹಳ ನಿಧಾನವಾಗಿ ಒತ್ತಿ ರಿವರ್ಸ್ ಹಾಕಿದರು. ಸದ್ದಿಲ್ಲ. ಇನ್ನೊಮ್ಮೆ ಹಾಕಿದರು. ನನ್ನ ಕಡೆ ನೋಡದೆಯೇ, "ಗೇಟು ತೆಗೆಯೇ" ಎಂದರು.